ಬೇಟೆಯ ಹಕ್ಕು ಮತ್ತು ವ್ರತದ ದಾರಿ

ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟ ರಸ್ತೆ ಕಲ್ಮಲದಲ್ಲಿ ಕವಲೊಡೆಯುತ್ತದೆ. ಒಂದು ಕವಲು ಲಿಂಗಸೂಗೂರಿನ ಕಡೆಗೆ ಸಾಗಿದರೆ ಇನ್ನೊಂದು ಮಾನ್ವಿ, ಸಿಂಧನೂರುಗಳ ಕಡೆಗೆ ತಿರುಗುತ್ತದೆ. ಈ ಎರಡನೆಯ ದಾರಿಯ ಸೀಮೆಗೆ ಸೇರಿದ ತುರವಿಹಾಳದಲ್ಲಿ ೨೦೨೫ರ ಯುಗಾದಿಯ ಬೆನ್ನಿಗೆ ಮೊಲಗಳನ್ನು ಬೇಟೆಯಾಡಿ ಮೆರವಣಿಗೆ ನಡೆಸಿದರೆಂಬ ಆರೋಪದ ಮೇಲೆ ಪ್ರಕರಣ ದಾಖಲಾಯಿತು. ಮೊಲವು ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಗೆ ಒಳಪಟ್ಟ ಪ್ರಾಣಿ. ಇಂಥ ಪ್ರಸಂಗಗಳು ಬಂದಾಗಲೆಲ್ಲ ಎರಡು ವಾದಗಳು ಎದುರುಬದುರಾಗಿ ನಿಲ್ಲುತ್ತವೆ. ನಿರಪರಾಧಿ ಪ್ರಾಣಿಯನ್ನು ಕೊಲ್ಲುವ ಹಕ್ಕು ಯಾರಿಗೂ ಇಲ್ಲವೆಂಬುದು ಒಂದು. ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿಗೆ ಹೊರಗಿನವರು ಅಡ್ಡಬರಬಾರದೆಂಬುದು ಇನ್ನೊಂದು.

ಜೈನ ಕುಟುಂಬದಲ್ಲಿ ಹುಟ್ಟಿದವರ ಮನಸ್ಸು ಮೊದಲನೆಯ ವಾದದ ಕಡೆಗೆ ತಾನಾಗಿಯೇ ಒಲಿಯುತ್ತದೆ. ಅದು ಸಹಜವೂ ಹೌದು, ಯುಕ್ತವೂ ಹೌದು. ಆದರೆ ಸರಿಯಾದ ಪಕ್ಷದಲ್ಲಿ ನಿಂತ ಮಾತ್ರಕ್ಕೆ ನಿಂತವನ ನಡೆಯೆಲ್ಲವೂ ಸರಿಯಾಗುವುದಿಲ್ಲ. ಅಹಿಂಸೆಯನ್ನು ಪರರಿಗೆ ಬೋಧಿಸುವ ರೀತಿಯೂ ಅಹಿಂಸೆಯಿಂದ ಕೂಡಿದೆಯೆ ಎಂಬ ಪ್ರಶ್ನೆ ಉಳಿಯುತ್ತದೆ. ಈ ಪ್ರಶ್ನೆಯ ಮೇಲೆ ಅರ್ಧ ಶತಮಾನದಿಂದ ಬಹು ದೊಡ್ಡ ವಾಗ್ವಾದ ನಡೆದಿರುವುದು ತಿಮಿಂಗಿಲಗಳ ವಿಷಯದಲ್ಲಿ. ಕಡಲನ್ನೇ ಕಾಣದ ಕರಿಮಣ್ಣಿನ ಸೀಮೆಯವರಿಗೆ ಅದು ದೂರದ ಮಾತೆನಿಸಬಹುದು. ಮೊಲದ ವಿಚಾರದಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಅಲ್ಲಿ ಮೊದಲೇ ಮಾಡಿ ಮುಗಿಸಲಾಗಿದೆಯಾದ್ದರಿಂದ ಅದರ ಪರಾಮರ್ಶೆ ಇಲ್ಲಿಗೂ ಪ್ರಯೋಜನಕರ.

ತಿಮಿಂಗಿಲಗಳನ್ನು ಅಳಿವಿನ ಅಂಚಿಗೆ ಒಯ್ದವರು ಯಾರೆಂಬುದನ್ನು ಮೊದಲು ತಿಳಿಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ನಗರಗಳ ದೀಪಗಳು ಉರಿದದ್ದೂ ಯಂತ್ರಗಳು ಜಾರಿಕೆಯಿಂದ ತಿರುಗಿದ್ದೂ ಒಂದು ಮಟ್ಟಿಗೆ ತಿಮಿಂಗಿಲದ ಎಣ್ಣೆಯಿಂದ. ಇಪ್ಪತ್ತನೆಯ ಶತಮಾನದಲ್ಲಿ ಅದೇ ಎಣ್ಣೆ ಸಾಬೂನಾಯಿತು, ಬೆಣ್ಣೆಗೆ ಬದಲಾಗಿ ತಿನ್ನುವ ಮಾರ್ಗರೀನ್ ಆಯಿತು. ಆ ಒಂದು ಶತಮಾನದಲ್ಲಿ ಉದ್ಯಮದ ಹಡಗುಗಳು ಕೊಂದ ತಿಮಿಂಗಿಲಗಳ ಸಂಖ್ಯೆ ಸುಮಾರು ೨೯ ಲಕ್ಷವೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ೧೯೪೬ರ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ೧೯೮೨ರಲ್ಲಿ ವಾಣಿಜ್ಯ ಬೇಟೆಯನ್ನು ನಿಲ್ಲಿಸುವ ನಿರ್ಣಯ ಕೈಗೊಂಡಿತು. ೧೯೮೫-೮೬ರ ಋತುವಿನಿಂದ ಅದು ಜಾರಿಗೆ ಬಂದಿತು. ಆದರೆ ಹಿಮದ ನಾಡುಗಳಲ್ಲಿ ತಲೆತಲಾಂತರದಿಂದ ಅದೇ ಆಹಾರದಿಂದ ಬದುಕಿದ ಮೂಲನಿವಾಸಿಗಳಿಗೆ ನಿಗದಿತ ಸಂಖ್ಯೆಯ ಬೇಟೆಗೆ ಅವಕಾಶ ಉಳಿಯಿತು. ವಿವಾದ ಬೆಳೆದದ್ದು ಈ ಅವಕಾಶದ ಸುತ್ತ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ವಾಯವ್ಯ ತುದಿಯಲ್ಲಿ ಮಕಾ ಎಂಬ ಜನ ವಾಸಿಸುತ್ತಾರೆ. ೧೮೫೫ರ ನಿಯಾ ಬೇ ಒಪ್ಪಂದದಲ್ಲಿ ಅವರು ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಟ್ಟರು, ತಿಮಿಂಗಿಲ ಬೇಟೆಯ ಹಕ್ಕನ್ನು ಮಾತ್ರ ಬರೆಯಿಸಿ ಉಳಿಸಿಕೊಂಡರು. ವಾಣಿಜ್ಯ ಹಡಗುಗಳ ದೆಸೆಯಿಂದ ಬೂದು ತಿಮಿಂಗಿಲಗಳು ವಿರಳವಾದಾಗ, ೧೯೨೦ರ ದಶಕದಲ್ಲಿ, ತಾವಾಗಿಯೇ ಬೇಟೆಯನ್ನು ನಿಲ್ಲಿಸಿದರು. ೧೯೯೪ರಲ್ಲಿ ಆ ತಿಮಿಂಗಿಲವನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ತೆಗೆದ ಮೇಲೆ ಹಕ್ಕನ್ನು ಮತ್ತೆ ಕೇಳಿದರು. ಸೀ ಶೆಫರ್ಡ್ ಮೊದಲಾದ ಸಂಘಟನೆಗಳು ದೋಣಿಗಳೊಡನೆ ಬಂದು ತಡೆಯೊಡ್ಡಿದವು. ೧೯೯೯ರ ಮೇ ೧೭ರಂದು ಮಕಾ ಜನರು ಒಂದು ತಿಮಿಂಗಿಲವನ್ನು ಕೊಂದರು. ನ್ಯಾಯಾಲಯಗಳು ಮುಂದಿನ ಬೇಟೆಯನ್ನು ತಡೆದವು. ಕಾಲು ಶತಮಾನದ ವ್ಯಾಜ್ಯದ ತರುವಾಯ ೨೦೨೪ರ ಜೂನ್‌ನಲ್ಲಿ ಅಮೆರಿಕ ಸರಕಾರವು ಹತ್ತು ವರ್ಷಗಳಲ್ಲಿ ೨೫ಕ್ಕೆ ಮೀರದಷ್ಟು ಬೇಟೆಗೆ ಕಾನೂನಿನ ವಿನಾಯಿತಿ ನೀಡಿತು.

ಇಲ್ಲಿ ಜೀವರಕ್ಷಕರ ನಡೆಯನ್ನು ಪರೀಕ್ಷಿಸಬೇಕು. ಅವರ ಗುರಿ ಪ್ರಾಣರಕ್ಷಣೆಯಾಗಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಆ ದಿನಗಳ ಪ್ರತಿಭಟನೆಯಲ್ಲಿ ತಿಮಿಂಗಿಲವನ್ನು ಉಳಿಸಿ ಎಂಬ ಫಲಕಗಳ ಜೊತೆಗೆ ಮಕಾ ಜನರನ್ನೇ ಹೀಯಾಳಿಸುವ, ಅವರ ಸಾವನ್ನು ಬಯಸುವ ಫಲಕಗಳೂ ಕಾಣಿಸಿದವು. ಜೈನಾಗಮದ ದೃಷ್ಟಿಯಲ್ಲಿ ಇದು ಅಲ್ಪ ದೋಷವಲ್ಲ. ಪ್ರಮಾದದಿಂದ ಕೂಡಿದ ಯೋಗದ ಮೂಲಕ ಪ್ರಾಣಹರಣವಾಗುವುದೇ ಹಿಂಸೆಯೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ರಾಗದ್ವೇಷಗಳು ಹುಟ್ಟುವುದೇ ಹಿಂಸೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಆಳಕ್ಕೆ ಹೋಗಿದ್ದಾರೆ. ಕೊಲ್ಲುವವನನ್ನು ದ್ವೇಷಿಸುತ್ತ ಕೊಲ್ಲಬೇಡವೆನ್ನುವವನು ದ್ರವ್ಯಹಿಂಸೆಯನ್ನು ತಡೆಯಲು ಹೋಗಿ ಭಾವಹಿಂಸೆಯನ್ನು ತನ್ನೊಳಗೆ ಬರಮಾಡಿಕೊಳ್ಳುತ್ತಾನೆ.

ಎರಡನೆಯ ದೋಷ ಅರಿಯದೆ ತೀರ್ಪು ಕೊಡುವುದು. ೧೯೭೭ರಲ್ಲಿ ಆಯೋಗವು ಅಲಾಸ್ಕದ ಇನುಪಿಯಾಟ್ ಜನರ ಬೋಹೆಡ್ ತಿಮಿಂಗಿಲ ಬೇಟೆಯನ್ನು ನಿಷೇಧಿಸಿತು. ಉಳಿದಿರುವುದು ಒಂದೆರಡು ಸಾವಿರ ಮಾತ್ರವೆಂದು ಅಂದಿನ ವಿಜ್ಞಾನಿಗಳು ಅಂದಾಜು ಮಾಡಿದ್ದರು. ಹಿಮದ ಪದರದ ಕೆಳಗೂ ತಿಮಿಂಗಿಲಗಳು ಸಾಗಿಹೋಗುತ್ತವೆ, ಕಣ್ಣಿಗೆ ಬಿದ್ದವನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ ಎಂದು ಬೇಟೆಗಾರರು ವಾದಿಸಿದರು. ನೀರಿನೊಳಗಿನ ಧ್ವನಿಯನ್ನು ಹಿಡಿಯುವ ಯಂತ್ರಗಳಿಂದ ಎಣಿಕೆ ನಡೆದಾಗ ಅವರ ಮಾತೇ ನಿಜವಾಯಿತು. ೨೦೦೧ರ ಎಣಿಕೆ ೧೦ ಸಾವಿರವನ್ನು ದಾಟಿತು. ಸೀಲ್ ಪ್ರಾಣಿಯ ವಿಷಯದಲ್ಲಿಯೂ ಹೀಗೆಯೇ ಆಯಿತು. ಮರಿಗಳ ತುಪ್ಪಳದ ವ್ಯಾಪಾರದ ವಿರುದ್ಧ ನಡೆದ ಚಳವಳಿಯಿಂದ ೧೯೮೩ರಲ್ಲಿ ಯುರೋಪಿನ ಮಾರುಕಟ್ಟೆ ಆ ಮರಿಗಳ ತೊಗಲಿಗೆ ಬಾಗಿಲು ಮುಚ್ಚಿತು. ಮರಿಗಳನ್ನು ಕೊಲ್ಲದೆ ದೊಡ್ಡ ಸೀಲ್‌ಗಳ ತೊಗಲು ಮಾರಿ ಬದುಕುತ್ತಿದ್ದ ಇನುಯಿಟ್ ಜನರ ಸಂಪಾದನೆಯೂ ಅದರೊಡನೆ ಕುಸಿಯಿತು. ಅವರಿಗಾದ ನಷ್ಟಕ್ಕೆ ಗ್ರೀನ್‌ಪೀಸ್ ಕೆನಡಾ ಸಂಸ್ಥೆ ೨೦೧೪ರಲ್ಲಿ ಕ್ಷಮೆ ಯಾಚಿಸಿತು. ತಪ್ಪನ್ನು ಒಪ್ಪಿಕೊಂಡದ್ದು ಶ್ಲಾಘ್ಯ. ಪ್ರತಿಕ್ರಮಣಕ್ಕೆ ಮೂವತ್ತು ವರ್ಷ ಹಿಡಿಯಿತೆಂಬುದು ವಿಷಾದದ ಸಂಗತಿ.

ಇಷ್ಟರಿಂದ ಬೇಟೆಯ ಸಮರ್ಥಕರ ವಾದ ಗೆದ್ದಿತೆಂದು ತಿಳಿಯಬಾರದು. ಪರಂಪರೆಯೆಂಬ ಕಾರಣಕ್ಕೆ ಹಿಂಸೆ ಅಹಿಂಸೆಯಾಗುವುದಿಲ್ಲ. ಈಟಿ ತಗುಲಿದ ತಿಮಿಂಗಿಲಕ್ಕೆ ಎಸೆದವನು ಮೂಲನಿವಾಸಿಯೋ ಕಂಪನಿಯ ಕೂಲಿಯೋ ಎಂಬ ಭೇದ ತಿಳಿಯದು, ವೇದನೆ ಒಂದೇ. ಶ್ರಾವಕಾಚಾರದಲ್ಲಿ ಹೇಳಿದ ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಹಿಂಸೆಗಳಲ್ಲಿ ಬೇಟೆಯು ಸಂಕಲ್ಪೀ ಹಿಂಸೆ. ಕೊಲ್ಲಬೇಕೆಂದೇ ಕೊಲ್ಲುವುದು ಅದು. ಅದನ್ನು ಜೀವನೋಪಾಯವೆಂಬ ಹೆಸರಿನಿಂದ ಉದ್ಯೋಗೀ ಹಿಂಸೆಯ ಸಾಲಿಗೆ ಸರಿಸಲಾಗದು. ಇಷ್ಟಾದರೂ ಭಾವದ ತೀವ್ರತೆ, ಮಂದತೆಗಳಿಂದ, ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಎಂಬುದರಿಂದ ಆಸ್ರವದಲ್ಲಿ ತಾರತಮ್ಯವುಂಟೆಂದು ಅದೇ ತತ್ತ್ವಾರ್ಥಸೂತ್ರ ಹೇಳುತ್ತದೆ. ಧಾನ್ಯ ಬೆಳೆಯದ ಹಿಮದ ನೆಲದಲ್ಲಿ ಹಸಿವಿಗೆ ಕೊಲ್ಲುವವನಿಗೂ, ಜೋಳ ಭತ್ತಗಳು ತುಂಬಿದ ಸೀಮೆಯಲ್ಲಿ ಹಬ್ಬದ ಗದ್ದಲಕ್ಕಾಗಿ ಮೊಲವನ್ನು ಅಟ್ಟುವವನಿಗೂ ಭೇದವಿದೆ. ಎರಡನ್ನೂ ಪರಂಪರೆಯೆಂಬ ಒಂದೇ ಮಾತಿನಿಂದ ಮುಚ್ಚುವುದು ನ್ಯಾಯವಲ್ಲ.

ಪರಂಪರೆಯ ಮಾತಿನ ಮರೆಯಲ್ಲಿ ವ್ಯಾಪಾರವೂ ಅಡಗುತ್ತದೆ. ಜಪಾನ್ ತನ್ನ ಆಹಾರ ಸಂಸ್ಕೃತಿಯ ಹೆಸರಿನಲ್ಲಿ ವಾದಿಸುತ್ತ ೨೦೧೯ರಲ್ಲಿ ಆಯೋಗವನ್ನೇ ತೊರೆದು ವಾಣಿಜ್ಯ ಬೇಟೆಯನ್ನು ಮತ್ತೆ ಆರಂಭಿಸಿತು. ಇನ್ನು ಮಕಾ ಜನರ ಹಕ್ಕೂ ನಿಸರ್ಗದ ಲೆಕ್ಕಕ್ಕೆ ಹೊರತಲ್ಲ. ೨೦೧೬ರಲ್ಲಿ ಸುಮಾರು ೨೭ ಸಾವಿರವಿದ್ದ ಬೂದು ತಿಮಿಂಗಿಲಗಳು ಆರ್ಕ್ಟಿಕ್ ಕಡಲಿನಲ್ಲಿ ಆಹಾರ ಕಡಮೆಯಾಗಿ ೨೦೨೫ರ ಅಂದಾಜಿನಲ್ಲಿ ೧೩ ಸಾವಿರದ ಆಸುಪಾಸಿಗೆ ಇಳಿದಿವೆ. ನೂರು ವರ್ಷಗಳ ಹಿಂದೆ ಅದೇ ಜನರ ಹಿರಿಯರು ಯಾರ ಆಜ್ಞೆಯೂ ಇಲ್ಲದೆ ಕೈ ತಡೆದದ್ದೂ ಅವರ ಪರಂಪರೆಯೇ. ಬೇಟೆಯಷ್ಟೇ ಪರಂಪರೆ, ಬೇಟೆಯನ್ನು ಬಿಟ್ಟದ್ದು ಪರಂಪರೆಯಲ್ಲ ಎಂದು ಹೇಳುವಂತಿಲ್ಲ.

ಭಾರತದ ಕಾನೂನು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಕೊಟ್ಟಿದೆ. ೧೯೭೨ರ ಅಧಿನಿಯಮವು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡಗಳಿಗೆ ಮೊದಲೇ ದೊರೆತಿದ್ದ ಬೇಟೆಯ ಹಕ್ಕನ್ನು ಉಳಿಸಿತು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ಕಾಡಿನ ನಿವಾಸಿಗಳಿಗೆ ನೆಲ, ಜೇನು, ಕಿರು ಉತ್ಪನ್ನಗಳ ಹಕ್ಕನ್ನೂ ಇತರ ಸಾಂಪ್ರದಾಯಿಕ ಹಕ್ಕುಗಳನ್ನೂ ಮಾನ್ಯ ಮಾಡಿ, ಬೇಟೆಯಾಡುವ ಮತ್ತು ಬಲೆಯೊಡ್ಡುವ ಹಕ್ಕನ್ನು ಮಾತ್ರ ಹೊರಗಿಟ್ಟಿತು. ಜೈನರಿಗೆ ಇದು ಸಂತೋಷದ ವಿಷಯ. ಆದರೆ ಕಾಯಿದೆಯ ಎರಡು ಭಾಗಗಳಲ್ಲಿ ಹೊರಗಿಟ್ಟ ಭಾಗವನ್ನಷ್ಟೇ ನೆನೆದು ಕೊಟ್ಟ ಭಾಗವನ್ನು ಮರೆಯುವುದು ಏಕಾಂತವಾದವಾಗುತ್ತದೆ. ಬೇಟೆಯನ್ನು ಬಿಡಿಸಿದ ಕೈ ಬದುಕನ್ನು ಕಟ್ಟಿಕೊಡಬೇಕೆಂಬುದೂ ಆ ಕಾಯಿದೆಯ ಆಶಯ. ಕರ್ನಾಟಕದ ಹಕ್ಕಿಪಿಕ್ಕಿ ಜನರ ಕುಲವೃತ್ತಿ ಕಾನೂನಿನಿಂದ ನಿಂತುಹೋಯಿತು. ಮೂಲಿಕೆಯೆಣ್ಣೆ ಮಾರುತ್ತ ಅವರು ಆಫ್ರಿಕದವರೆಗೂ ಅಲೆಯಬೇಕಾಯಿತು. ೨೦೨೩ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದಲ್ಲಿ ಅವರಲ್ಲಿ ಹಲವರು ಸಿಕ್ಕಿಬಿದ್ದಾಗಲೇ ನಾಡಿಗೆ ಅವರ ನೆನಪಾಯಿತು. ಹಕ್ಕಿಗಳು ಉಳಿದವೆಂದು ಹರ್ಷಿಸಿದ ಎಷ್ಟು ಮಂದಿ ಬಲೆ ಕೆಳಗಿಟ್ಟವರ ಮನೆಯ ಒಲೆಯನ್ನು ವಿಚಾರಿಸಿದರು?

ಈ ವಿವೇಕ ರಾಯಚೂರು ಸೀಮೆಗೆ ಹೊಸದಲ್ಲ. ೧೯೧೫ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಬಂಡೆಶಾಸನವು ಇದೇ ಜಿಲ್ಲೆಯ ಮಸ್ಕಿಯಲ್ಲಿದೆ. ಆ ಅರಸನ ಇತರ ಶಾಸನಗಳನ್ನು ಕೂಡಿಸಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಮೊದಲನೆಯ ಬಂಡೆಶಾಸನದಲ್ಲಿ ಅವನು ತನ್ನ ಅಡುಗೆಮನೆಯಿಂದ ಆರಂಭಿಸುತ್ತಾನೆ. ಹಿಂದೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದಲ್ಲಿ ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಮುಂದೆ ಅವೂ ಇಲ್ಲವೆನ್ನುತ್ತಾನೆ. ಹದಿಮೂರನೆಯ ಶಾಸನದಲ್ಲಿ ಕಾಡಿನ ಜನರತ್ತ ತಿರುಗಿದಾಗ ಪಶ್ಚಾತ್ತಾಪದ ನಡುವೆಯೂ ತನಗೆ ದಂಡಿಸುವ ಬಲವಿದೆಯೆಂದು ನೆನಪಿಸುತ್ತಾನೆ. ತನ್ನ ದೋಷವನ್ನು ಎಣಿಸಿ ಹೇಳಿದ ಮೊದಲ ಧ್ವನಿಯೂ ಪರರನ್ನು ಗದರಿದ ಎರಡನೆಯ ಧ್ವನಿಯೂ ಒಬ್ಬನವೇ. ಜೀವದಯೆಯನ್ನು ಸಾರುವವರಲ್ಲಿ ಇಂದಿಗೂ ಈ ಎರಡು ಧ್ವನಿಗಳಿವೆ, ಎರಡನೆಯದೇ ಹೆಚ್ಚು ಕೇಳಿಸುತ್ತದೆ.

ಜೈನ ಪುರಾಣಕಥೆಗಳು ಬೇಟೆಗಾರನನ್ನು ಕಂಡ ರೀತಿ ಬೇರೆ. ಗುಣಭದ್ರಾಚಾರ್ಯರ ಉತ್ತರಪುರಾಣದಂತೆ ಭಗವಾನ್ ಮಹಾವೀರರ ಭವಾವಳಿ ಆರಂಭವಾಗುವುದೇ ಪುರೂರವನೆಂಬ ಬೇಡನಿಂದ. ಮುನಿಯ ಮೇಲೆ ಬಾಣ ಹೂಡಿದ ಕೈಯನ್ನು ಹೆಂಡತಿ ತಡೆದಳು. ಮುನಿಯ ಉಪದೇಶದಿಂದ ಅವನು ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿದನು. ಶ್ರೇಣಿಕ ಮಹಾರಾಜನು ಹಿಂದಿನ ಭವದಲ್ಲಿ ಖದಿರಸಾರನೆಂಬ ಬೇಡನಾಗಿದ್ದನು. ಅವನು ಮೊದಲು ಬಿಟ್ಟದ್ದು ಕಾಗೆಯ ಮಾಂಸವೊಂದನ್ನೇ. ಸೋಮದೇವಸೂರಿಗಳ ಯಶಸ್ತಿಲಕದಲ್ಲಿ ಬರುವ ಮೃಗಸೇನನ ಕಥೆಯನ್ನಂತೂ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಮೃಗಸೇನ ಬೆಸ್ತ. ಬಲೆಯನ್ನು ಹೊತ್ತು ಹೊರಟವನು ಮುನಿಗೆ ನಮಸ್ಕರಿಸಿ ವ್ರತ ಬೇಡಿದನು. ಮುನಿ ಅವನ ಕುಲವನ್ನು ಹಳಿಯಲಿಲ್ಲ, ಬಲೆಯನ್ನು ಸುಡು ಎನ್ನಲಿಲ್ಲ. ದಿನವೂ ಬಲೆಗೆ ಬೀಳುವ ಮೊದಲ ಮೀನನ್ನು ಬಿಟ್ಟುಬಿಡು ಎಂದಷ್ಟೇ ಹೇಳಿದನು. ಅಂದು ಬಿಟ್ಟ ಮೀನೇ ಐದು ಬಾರಿ ಬಲೆಗೆ ಬಿದ್ದಿತು, ಐದು ಬಾರಿಯೂ ಬಿಟ್ಟು ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಯ ಬೈಗುಳ ಕೇಳಿದನು.

ಈ ಕಥೆಗಳಲ್ಲಿ ಗಮನಿಸಬೇಕಾದ ಅಂಶ ಒಂದೇ. ವ್ರತವನ್ನು ಹೇರಲಿಲ್ಲ, ಪಡೆದವನು ಪಡೆದನು. ಅದು ಅವನ ಶಕ್ತಿಗೆ ತಕ್ಕಷ್ಟು ಅಣುವಾಗಿತ್ತು. ಕೊಟ್ಟವನು ತಾನು ಮಹಾವ್ರತದಲ್ಲಿದ್ದು ಕೊಟ್ಟನು. ಮೊದಲ ಮೀನನ್ನು ಬಿಡೆಂದ ಮುನಿಗೆ ಉಳಿದ ಮೀನುಗಳ ಸಾವು ಸಮ್ಮತವೆಂದು ಯಾರೂ ಅರ್ಥ ಮಾಡಲಿಲ್ಲ. ಅಹಿಂಸೆಯ ಆದರ್ಶವನ್ನು ಒಂದು ಕೂದಲೆಳೆಯಷ್ಟೂ ಇಳಿಸದೆ, ಎದುರಿಗಿದ್ದವನನ್ನು ಮೊದಲ ಮೆಟ್ಟಿಲಿಗೆ ಕರೆದ ಕ್ರಮವದು. ತಿಮಿಂಗಿಲದ ವಾಗ್ವಾದದಲ್ಲಿ ಕಾಣದೆಹೋದದ್ದು ಈ ಕ್ರಮವೇ.

ಇದು ಕಥೆಗಷ್ಟೇ ಸೀಮಿತವಲ್ಲವೆಂಬುದಕ್ಕೆ ಗುಜರಾತಿನ ಕರಾವಳಿ ಸಾಕ್ಷಿ. ತಿಮಿಂಗಿಲ ಶಾರ್ಕ್ ಎಂಬುದು ಹೆಸರಿಗೆ ತಿಮಿಂಗಿಲವಾದರೂ ಮೀನಿನ ಜಾತಿ, ಮೀನುಗಳಲ್ಲೆಲ್ಲ ದೊಡ್ಡದು. ಸೌರಾಷ್ಟ್ರದ ಬೆಸ್ತರು ಎಣ್ಣೆ ಮಾಂಸಗಳಿಗಾಗಿ ಅದನ್ನು ಕೊಲ್ಲುತ್ತಿದ್ದರು. ೨೦೦೦ದಲ್ಲಿ ಮೈಕ್ ಪಾಂಡೆಯವರ ಚಿತ್ರ ಆ ಹತ್ಯೆಯನ್ನು ಜಗತ್ತಿಗೆ ತೋರಿಸಿತು. ೨೦೦೧ರಲ್ಲಿ ಕಾನೂನು ರಕ್ಷಣೆ ನೀಡಿತು. ಆದರೆ ಬೆಸ್ತರ ಮನಸ್ಸು ತಿರುಗಿದ್ದು ೨೦೦೪ರ ಅಭಿಯಾನದಿಂದ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಟಾಟಾ ಕೆಮಿಕಲ್ಸ್ ಮುಂದಾದ ಆ ಕಾರ್ಯದಲ್ಲಿ ಕಥಾಕಾರ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. 'ವ್ಹಾಲಿ', ಅಂದರೆ ಪ್ರೀತಿಯವಳು, ಎಂಬ ಹೆಸರು ಬಿದ್ದಿತು. ಹೆಸರಿನ ಜೊತೆಗೆ ಹಣವೂ ಬಂದಿತು. ಸಿಕ್ಕಿದ ಮೀನನ್ನು ಬಿಡಿಸಲು ಬೆಸ್ತನು ತನ್ನ ಬಲೆಯನ್ನು ಕತ್ತರಿಸಿದರೆ ಅದರ ಬೆಲೆಯನ್ನು ಅರಣ್ಯ ಇಲಾಖೆ ಭರಿಸಿತು. ಹೀಗೆ ಒಂಬೈನೂರಕ್ಕೂ ಹೆಚ್ಚು ಜೀವಗಳು ಕಡಲಿಗೆ ಮರಳಿವೆ. ಬಿಡುವವನ ನಷ್ಟದಲ್ಲಿ ಬಿಡೆನ್ನುವವನೂ ಪಾಲು ಹೊತ್ತದ್ದರಿಂದ ಇದು ಸಾಧ್ಯವಾಯಿತು.

ಇಲ್ಲಿಂದ ವಿಮರ್ಶೆ ವಣಿಕರ ಅಂಗಡಿಯ ಬಾಗಿಲಿಗೆ ಬರಬೇಕಾಗುತ್ತದೆ. ತಿಮಿಂಗಿಲವನ್ನು ಅಳಿಸಿದ್ದು ಬೇಡನ ಈಟಿಗಿಂತ ಹೆಚ್ಚಾಗಿ ವರ್ತಕನ ಲೆಕ್ಕದ ಪುಸ್ತಕ. ಶ್ರಾವಕರು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳನ್ನು ಶಾಸ್ತ್ರವು ಹೆಸರಿಸಿದೆ. ದಂತವಾಣಿಜ್ಯ, ವಿಷವಾಣಿಜ್ಯ, ಸರೋವರಗಳನ್ನು ಬತ್ತಿಸುವುದು, ಕಾಡಿಗೆ ಬೆಂಕಿಯಿಡುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ತಿಮಿಂಗಿಲದ ಹೊಟ್ಟೆಯಿಂದ ಬರುವ ಅಂಬರ್‌ಗ್ರಿಸ್ ಎಂಬ ಸುಗಂಧದ್ರವ್ಯದ ಮಾರಾಟ ಭಾರತದಲ್ಲಿ ಅಪರಾಧ. ಕರ್ನಾಟಕದಲ್ಲಿಯೂ ಅದರ ಕಳ್ಳಸಾಗಣೆಯ ಪ್ರಕರಣಗಳು ಮತ್ತೆ ಮತ್ತೆ ಬಯಲಾಗಿವೆ. ಕೊಳ್ಳುವವನಿಲ್ಲದೆ ಮಾರುವವನು ಹುಟ್ಟುವುದಿಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ, ಸಿಂಧನೂರುಗಳಿಗೂ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೂ ನೀರು ತಂದ ಮೇಲೆ ಮೊಲ ಮಲಗುತ್ತಿದ್ದ ಬೀಳುನೆಲ ಭತ್ತದ ಗದ್ದೆಯಾಯಿತು. ಹತ್ತಿಗೂ ಭತ್ತಕ್ಕೂ ಹೊಡೆಯುವ ಕೀಟನಾಶಕಗಳು ಪೇಟೆಯ ಅಂಗಡಿಗಳಿಂದ ಹೋಗುತ್ತವೆ. ಯುಗಾದಿಯ ಒಂದು ದಿನ ಹತ್ತಾರು ಮೊಲಗಳನ್ನು ಅಟ್ಟಿದವರು ಹಿಂಸಕರೆಂಬುದು ದಿಟ. ವರ್ಷವಿಡೀ ಎಣಿಕೆಗೆ ಸಿಗದ ಜೀವಗಳ ವಿಷವನ್ನು ತೂಗಿ ಕೊಟ್ಟು ರಸೀದಿ ಬರೆಯುವ ಕೈ, ಆ ಹಿಂಸಕರ ಕಡೆಗೆ ಬೆರಳು ತೋರಿಸುವ ಮೊದಲು, ವಿಷವಾಣಿಜ್ಯವೆಂಬ ಶಬ್ದವನ್ನು ಒಮ್ಮೆ ಓದಿಕೊಳ್ಳುವುದು ಉಚಿತ. ರೈತನು ಬಂದು ಕೇಳುತ್ತಾನೆ, ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ, ಮನೆ ನಡೆಯಬೇಕು ಎಂಬ ಸಮಾಧಾನವನ್ನು ವ್ಯಾಪಾರಿ ಹೇಳಬಹುದು. ಅದು ಸುಳ್ಳಲ್ಲ. ಆದರೆ ಮೃಗಸೇನನ ಹೆಂಡತಿ ಹೇಳಿದ ಮಾತೂ ಸುಳ್ಳಾಗಿರಲಿಲ್ಲ. ಬೇಡನಿಂದ ಅಪೇಕ್ಷಿಸುವ ತ್ಯಾಗವನ್ನು ಸ್ವಂತ ಗಲ್ಲಾಪೆಟ್ಟಿಗೆಯಿಂದ ಅಪೇಕ್ಷಿಸದಿರುವುದು ಯಾವ ನಯದಿಂದಲೂ ಸಿದ್ಧವಾಗದು.

ಹಾಗಾದರೆ ಬಸದಿಗಳ ಟ್ರಸ್ಟುಗಳು ಮಾಡಬಹುದಾದದ್ದೇನು? ಕಾನೂನಿನ ನೆರವನ್ನು ಕೇಳುವುದು ತಪ್ಪಲ್ಲ, ಅದನ್ನು ಬಿಡಬೇಕಾಗಿಯೂ ಇಲ್ಲ. ಅದು ಕೊನೆಯ ಹೆಜ್ಜೆಯಾಗಲಿ. ಚಿತ್ರದುರ್ಗ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಯಂದು ಮೊಲವನ್ನು ಜೀವಂತ ಹಿಡಿದು, ಪೂಜಿಸಿ, ಮತ್ತೆ ಕಾಡಿಗೆ ಬಿಡುವ ರೂಢಿಯಿದೆ. ಹಿಡಿಯುವುದೂ ಕಾನೂನಿನ ಕಣ್ಣಿನಲ್ಲಿ ಬೇಟೆಯೇ, ಅಂಜಿದ ಜೀವಕ್ಕೆ ಅದೂ ಪೀಡೆಯೇ. ಆದ್ದರಿಂದ ಅದನ್ನು ಮಾದರಿಯೆಂದು ಹೇಳಲಾಗದು. ಆದರೂ ಕೊಲ್ಲದೆಯೂ ಹಬ್ಬವಾಗುತ್ತದೆಂಬುದನ್ನು ಗ್ರಾಮೀಣರೇ ಕಂಡುಕೊಂಡಿದ್ದಾರೆಂಬುದಕ್ಕೆ ಅದು ಪ್ರಮಾಣ. ಮಾತುಕತೆಗೆ ಅಷ್ಟು ನೆಲ ಸಾಕು.

ಮುಂದಿನ ಯುಗಾದಿಗೆ ಮೊದಲು, ಫಾಲ್ಗುಣದಲ್ಲಿಯೇ, ಟ್ರಸ್ಟಿನ ಹಿರಿಯರು ನಾಲ್ಕು ಜನ ಬೇಟೆಯ ರೂಢಿಯಿರುವ ಊರಿಗೆ ಹೋಗಿ ಅಲ್ಲಿಯ ಹಿರಿಯರ ಕಟ್ಟೆಯ ಮೇಲೆ ಕುಳಿತುಕೊಳ್ಳಬಹುದು. ಅವರ ಮಾತನ್ನು ಮೊದಲು ಕೇಳಬಹುದು. ಜೀವದಯಾ ನಿಧಿಯಿಂದ ಆ ಊರಿನ ಜಾತ್ರೆಯ ಅನ್ನದಾಸೋಹಕ್ಕೆ ಜೋಳ, ಬೇಳೆ, ಬೆಲ್ಲಗಳನ್ನು ಕೊಡಬಹುದು. ಈ ವರ್ಷ ಒಂದು ಜೀವವನ್ನಾದರೂ ಬಿಡಿ ಎಂದು ಕೈಮುಗಿದು ಕೇಳಬಹುದು. ಬರಿಗೈಯಲ್ಲಿ ಹೋಗಿ ಕೇಳಬಾರದು. ತಮ್ಮ ಅಂಗಡಿಯಲ್ಲಿ ಈ ವರ್ಷದಿಂದ ಇಂಥ ವಿಷವನ್ನು ಮಾರುವುದಿಲ್ಲವೆಂದು ನಾಲ್ವರಲ್ಲಿ ಒಬ್ಬನಾದರೂ ಮುನಿಗಳ ಸಮ್ಮುಖದಲ್ಲಿ ವ್ರತ ತೆಗೆದುಕೊಂಡು ಹೋಗಬೇಕು. ಆಗ ಕಟ್ಟೆಯ ಮೇಲಿನ ಹಿರಿಯರು, ನೀವೇನು ಬಿಟ್ಟು ಬಂದಿರಿ ಎಂದು ಕೇಳಿದರೆ ಹೇಳುವುದಕ್ಕೆ ಒಂದು ಮಾತಿರುತ್ತದೆ.